ತುಂಬಿದ ತೊಟ್ಟಿ, ಖಾಲಿ ತೊಟ್ಟಿ: ಹಸಿರು ಕಟ್ಟಡದ ಮಳೆಲೆಕ್ಕ

ಬಳಕೆಗೆ ಮಳೆನೀರು ಕೂಡಿಡುವ ತೊಟ್ಟಿ ತುಂಬಿರಬೇಕು. ರಸ್ತೆಗೆ ನುಗ್ಗುವ ನೀರನ್ನು ತಡೆದು ನಿಲ್ಲಿಸುವ ತೊಟ್ಟಿ ಖಾಲಿ ಇರಬೇಕು. ಒಂದೇ ತೊಟ್ಟಿ ಏಕಕಾಲಕ್ಕೆ ಎರಡೂ ಆಗದು. ಆದರೂ ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್ ನಕ್ಷೆಗಳಲ್ಲಿ ‘ಮಳೆನೀರಿನ ತೊಟ್ಟಿ’ ಎಂದು ಒಂದೇ ಚೌಕ ಗೀಚಿ, ‘ಹಸಿರು ಕಟ್ಟಡ’ ಎಂಬ ಪ್ರಮಾಣಪತ್ರಕ್ಕೆ ಬೇಕಾದ ನೀರುಳಿತಾಯದ ಅಂಕಕ್ಕೂ ನೆರೆ ತಡೆಯುವ ಅಂಕಕ್ಕೂ ಅದನ್ನೇ ತೋರಿಸಿರುತ್ತಾರೆ. ಆಗಸ್ಟ್ ಕಳೆಯುವ ಹೊತ್ತಿಗೆ ಅದು ಕಂಠಪೂರ್ತಿ ತುಂಬಿರುತ್ತದೆ. ಆಮೇಲೆ ಬರುವ ದೊಡ್ಡ ಮಳೆಗೆ ಅಲ್ಲಿ ಜಾಗವಿರುವುದಿಲ್ಲ. ನೀರು ನೇರವಾಗಿ ಮೋರಿ ಹಿಡಿಯುತ್ತದೆ. 2022ರ ಸೆಪ್ಟೆಂಬರ್ ಮೊದಲ ವಾರ ಒಂದೇ ದಿನ 130 ಮಿ.ಮೀ. ದಾಟಿದ ಮಳೆಗೆ ಹೊರವರ್ತುಲ ರಸ್ತೆಯ ಆಸುಪಾಸಿನ ಬೇಸ್‌ಮೆಂಟುಗಳು ಮುಳುಗಿದವು. 2024ರ ಬೇಸಿಗೆಯಲ್ಲಿ ನಗರದ ಅದೇ ಪೂರ್ವಭಾಗದ ಜನ ಟ್ಯಾಂಕರಿಗೆ ಕಾದು ಕುಳಿತರು. ಎರಡಕ್ಕೂ ಬೇಕಾದ ಲೆಕ್ಕ ಒಂದೇ ಹಾಳೆಯಲ್ಲಿ ಶುರುವಾಗುತ್ತದೆ, ಆದರೆ ಬೇಗನೆ ಎರಡು ದಾರಿಯಾಗುತ್ತದೆ.

ಮೊದಲ ಸಾಲು ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ಕಾಂಕ್ರೀಟ್ ತಾರಸಿಯ ಮೇಲೆ ಬಿದ್ದದ್ದರಲ್ಲಿ ಆವಿ, ಸೋರಿಕೆ, ಮೊದಲ ಮಳೆಯ ಕೊಳೆ ಕಳೆದು ನೂರಕ್ಕೆ 85 ಭಾಗ ಕೈಗೆ ಸಿಗುತ್ತದೆ ಎಂದು ಹಿಡಿಯಬಹುದು. 100 ಚದರ ಮೀಟರ್ ತಾರಸಿಗೆ ವರ್ಷಕ್ಕೆ 82,000 ಲೀಟರ್ ಚಿಲ್ಲರೆ.

ಈ ವಾರ್ಷಿಕ ಮೊತ್ತವನ್ನು ಬ್ರೋಷರಿನಲ್ಲಿ ದೊಡ್ಡಕ್ಷರದಲ್ಲಿ ಹಾಕುತ್ತಾರೆ. ವಿನ್ಯಾಸಕ್ಕೆ ಅದರ ಉಪಯೋಗ ಕಡಿಮೆ. ಮಳೆ ಯಾವ ತಿಂಗಳು ಬರುತ್ತದೆ ಎಂಬುದು ಕೂಡಿಡುವ ತೊಟ್ಟಿಯ ಗಾತ್ರವನ್ನು ಹೇಳುತ್ತದೆ. ಎಷ್ಟು ಜೋರಾಗಿ ಬರುತ್ತದೆ ಎಂಬುದು ಪೈಪು, ಮೋರಿ, ತಡೆತೊಟ್ಟಿಯ ಗಾತ್ರವನ್ನು. ಬೆಂಗಳೂರಿನ ಪುಣ್ಯವೆಂದರೆ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಮಳೆ ಹಂಚಿಕೊಂಡು ಬರುತ್ತದೆ. ಮಂಗಳೂರಿನಲ್ಲಿ 3,500 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಅಲ್ಲಿ ಬೇಸಿಗೆಗೆಂದು ಕೂಡಿಡಲು ಹೊರಟರೆ ತೊಟ್ಟಿ ಮನೆಗಿಂತ ದೊಡ್ಡದಾಗುತ್ತದೆ. ಹಾಗಾಗಿ ಅಲ್ಲಿ ಸೋಸಿದ ತಾರಸಿ ನೀರನ್ನು ಬಾವಿಗೆ ಬಿಡುವುದೇ ಜಾಣತನ.

ಒಂದು ನಿರ್ದಿಷ್ಟ ಲೆಕ್ಕ ಹಿಡಿಯೋಣ. ಬೆಂಗಳೂರಿನಲ್ಲಿ ಸುಮಾರು ಅರ್ಧ ಎಕರೆ, ಅಂದರೆ 2,000 ಚದರ ಮೀಟರ್ ಜಾಗ. ತಾರಸಿ 1,000, ಕಾರು ಓಡಾಡುವ ಮತ್ತು ಕಲ್ಲು ಹಾಸಿದ ಜಾಗ 600, ತೋಟ 400. ಮನೆಗಳು 40, ಜನ 160. ತಲೆಗೆ ದಿನಕ್ಕೆ 135 ಲೀಟರ್ ಎಂದರೆ ದಿನದ ಬಳಕೆ 21,600 ಲೀಟರ್.

ತಾರಸಿಯಿಂದ ವರ್ಷಕ್ಕೆ ಸಿಗುವುದು ಸುಮಾರು 8.24 ಲಕ್ಷ ಲೀಟರ್. ಇಡೀ ಕಟ್ಟಡದ 38 ದಿನದ ನೀರು. ಇಷ್ಟೇನಾ ಎನ್ನಿಸಬಹುದು. ಆದರೆ ಇದರಲ್ಲೇ ತೊಟ್ಟಿಯ ಗಾತ್ರದ ಗುಟ್ಟಿದೆ: 25 ಮಿ.ಮೀ. ಮಳೆ ಬಂದರೆ 21,000 ಲೀಟರ್ ಬರುತ್ತದೆ, ಮರುದಿನ ಸಂಜೆಯೊಳಗೆ ಖರ್ಚಾಗುತ್ತದೆ. ಜನ ಹೆಚ್ಚು, ತಾರಸಿ ಕಡಿಮೆ ಇರುವ ಅಪಾರ್ಟ್‌ಮೆಂಟಿಗೆ ಲಕ್ಷಗಟ್ಟಲೆ ಲೀಟರಿನ ತೊಟ್ಟಿ ದಂಡ. 45,000 ಲೀಟರ್ ಸಾಕು, ಅಂದರೆ ಎರಡು ದಿನದ ಬಳಕೆ. ಒಂದೇ ಷರತ್ತು: ಮಳೆ ಬಂದ ದಿನ ಮೊದಲು ಈ ತೊಟ್ಟಿಯ ನೀರೇ ಓವರ್‌ಹೆಡ್ ಟ್ಯಾಂಕಿಗೆ ಏರಬೇಕು, ಕಾವೇರಿ ನೀರೂ ಬೋರ್‌ವೆಲ್ಲೂ ಆಮೇಲೆ. ಪಂಪಿನ ನಿಯಂತ್ರಣ ಫಲಕದಲ್ಲಿ ಈ ಆದ್ಯತೆ ಬರೆಯದೆ ಬಿಟ್ಟರೆ ತೊಟ್ಟಿಯ ನೀರು ವಾರಗಟ್ಟಲೆ ಅಲ್ಲೇ ನಿಂತಿರುತ್ತದೆ, ಮುಂದಿನ ಮಳೆ ಪೂರ್ತಿ ಉಕ್ಕಿ ಹೋಗುತ್ತದೆ. ಒಂಟಿ ಮನೆಯ ಲೆಕ್ಕ ಬೇರೆ. 100 ಚದರ ಮೀಟರ್ ತಾರಸಿ, ನಾಲ್ಕು ಜನ ಇದ್ದರೆ ಅದೇ 25 ಮಿ.ಮೀ. ಮಳೆ ನಾಲ್ಕು ದಿನಕ್ಕೆ ಬರುತ್ತದೆ. ಅಲ್ಲಿ ತಲೆಗೆ ಹೋಲಿಸಿದರೆ ತೊಟ್ಟಿ ದೊಡ್ಡದಿದ್ದಷ್ಟೂ ಲಾಭ.

ಜಲಮಂಡಳಿಯ ನಿಯಮವನ್ನೂ ಇಲ್ಲೇ ತಾಳೆ ನೋಡಿಕೊಳ್ಳಿ. ತಾರಸಿಯ ಪ್ರತಿ ಚದರ ಮೀಟರಿಗೆ 60 ಲೀಟರ್, ಹಾಸುಗಲ್ಲಿನ ಜಾಗಕ್ಕೆ 30 ಲೀಟರ್ ಕೂಡಿಡುವ ಅಥವಾ ಇಂಗಿಸುವ ಸಾಮರ್ಥ್ಯ ಇರಬೇಕು. ನಮ್ಮ ಉದಾಹರಣೆಗೆ 60,000 ಮತ್ತು 18,000, ಒಟ್ಟು 78,000 ಲೀಟರ್. ‘ಅಥವಾ’ ಎಂಬುದನ್ನು ಗಮನಿಸಿ. ಪೂರ್ತಿ ತೊಟ್ಟಿಯೇ ಆಗಬೇಕೆಂದಿಲ್ಲ.

ಈಗ ಎರಡನೆಯ ದಾರಿ. ಒಂದು ದಿನಕ್ಕೆ 50 ಮಿ.ಮೀ. ಮಳೆ ಎಂದರೆ ದಿನವಿಡೀ ಜಿಟಿಜಿಟಿ ಸುರಿದದ್ದೂ ಆಗಬಹುದು, ಸಂಜೆ ಅರ್ಧ ಗಂಟೆಯಲ್ಲಿ ಜಡಿದದ್ದೂ ಆಗಬಹುದು. ಮೋರಿಗೆ ಇವೆರಡೂ ಒಂದೇ ಅಲ್ಲ. ದಿನದ ಅಂಕಿ ಹಿಡಿದು ಪೈಪಿನ ಗಾತ್ರ ನಿರ್ಧರಿಸುವವರು ಎಡವುವುದು ಇಲ್ಲೇ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಅಳೆಯುತ್ತವೆ. ವಿನ್ಯಾಸಕ್ಕೆ ಬೇಕಾದದ್ದು ಅಂಥ ಅಂಕಿ. ಹಸಿರು ಕಟ್ಟಡದ ಶ್ರೇಣಿ ಪದ್ಧತಿಗಳು ಇನ್ನೊಂದು ಕಡೆಯಿಂದ ಬರುತ್ತವೆ. ಅಮೆರಿಕದಲ್ಲಿ ಹುಟ್ಟಿದ ಲೀಡ್ ಎಂಬ ಪದ್ಧತಿಯ 4ನೇ ಆವೃತ್ತಿ ಹಲವು ವರ್ಷಗಳ ಮಳೆದಿನಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ, ನೂರರಲ್ಲಿ 95 ಮಳೆಗಳು ಯಾವ ಪ್ರಮಾಣದೊಳಗೆ ಮುಗಿಯುತ್ತವೋ ಅಷ್ಟು ನೀರನ್ನು ಸೈಟಿನೊಳಗೇ ನಿಭಾಯಿಸಿ ಎನ್ನುತ್ತದೆ. ಅದು ಪ್ರಮಾಣದ ಲೆಕ್ಕ. ರಸ್ತೆಯ ಮೋರಿಗೆ ಸೆಕೆಂಡಿಗೆ ಎಷ್ಟು ಲೀಟರ್ ಬಿಡುತ್ತೀರಿ ಎಂಬ ವೇಗದ ಲೆಕ್ಕವನ್ನು ಬೇರೆಯಾಗಿ ಮಾಡಲೇಬೇಕು.

ವೇಗಕ್ಕೆ ಸೂತ್ರ ಹಳೆಯದು, ಸರಳ: ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದುಹೋಗುವ ಪಾಲು), ಗಂಟೆಗೆ ಎಷ್ಟು ಮಿ.ಮೀ. ಎಂಬ ಮಳೆಯ ತೀವ್ರತೆ, ವಿಸ್ತೀರ್ಣ ಮೂರನ್ನೂ ಗುಣಿಸಿ 3,600ರಿಂದ ಭಾಗಿಸಿದರೆ ಸೆಕೆಂಡಿಗೆ ಲೀಟರ್ ಸಿಗುತ್ತದೆ. ಗುಣಾಂಕ ತಾರಸಿಗೆ 0.9, ಹಾಸುಗಲ್ಲಿಗೆ 0.8, ತೋಟಕ್ಕೆ 0.2 ಹಿಡಿಯೋಣ. ಗಂಟೆಗೆ 100 ಮಿ.ಮೀ. ತೀವ್ರತೆಯಲ್ಲಿ ನಮ್ಮ ಸೈಟಿನಿಂದ ಹೊರಡುವುದು ಸೆಕೆಂಡಿಗೆ 40.6 ಲೀಟರ್. ಕಟ್ಟಡ ಬರುವ ಮೊದಲು ಗಿಡಗಂಟೆ ಇದ್ದ ಮಣ್ಣಿಗೆ 0.25 ಎಂದರೆ 13.9 ಲೀಟರ್ ಇತ್ತು. ಅಂದರೆ ಮೂರುಪಟ್ಟು. ಮಳೆ ಬದಲಾಗಲಿಲ್ಲ, ನೆಲ ಬದಲಾಯಿತು.

ಹೊರಗೆ ಹಳೆಯ 13.9 ಲೀಟರಷ್ಟನ್ನೇ ಬಿಡುತ್ತೇವೆಂದು ನಿರ್ಧರಿಸಿದರೆ, ಈ ತೀವ್ರತೆ ಅರ್ಧ ಗಂಟೆ ನಡೆದಾಗ ತಡೆದು ನಿಲ್ಲಿಸಬೇಕಾದದ್ದು 48,000 ಲೀಟರ್. ಅದೂ ಕಾಗದದ ಮೇಲೆ. ಹೊರಹರಿವನ್ನು ಮಿತಿಯಲ್ಲಿಡಲು ನೀರನ್ನು ಒಂದು ಸಣ್ಣ ತೂತಿನ ಮೂಲಕ ಬಿಡುತ್ತಾರೆ; ಹಾಗೆ ಹೊರಹೋಗುವ ನೀರಿನ ವೇಗ ನೀರು ಎಷ್ಟು ಎತ್ತರ ನಿಂತಿದೆ ಎಂಬುದರ ಮೇಲಿದೆ. ತುಂಬುತ್ತಿರುವಾಗ ಸರಾಸರಿ ಮೂರರಲ್ಲಿ ಎರಡು ಪಾಲು ವೇಗ ಮಾತ್ರ ಸಿಗುತ್ತದೆ. ಅದನ್ನು ಸೇರಿಸಿದರೆ 56,000 ಲೀಟರ್.

ಇಷ್ಟು ನೀರು ಎಲ್ಲಿ ನಿಲ್ಲಬೇಕು? ಬಳಕೆಯ 45,000 ಲೀಟರ್ ತೊಟ್ಟಿಯನ್ನು ಇಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ, ಅದು ತುಂಬಿದೆ ಎಂದೇ ಭಾವಿಸಿ. 5 ಅಡಿ ಅಗಲ, 30 ಅಡಿ ಆಳದ ಇಂಗುಬಾವಿ ಒಂದಕ್ಕೆ ಸುಮಾರು 16,000 ಲೀಟರ್ ಹಿಡಿಯುತ್ತದೆ. ಅಂಥ ಮೂರು ತೋಡಿಸಿದರೆ 48,000. ಆದರೆ ಹಿಂದಿನ ದಿನದ ಮಳೆಯ ನೀರು ಇನ್ನೂ ಇಂಗುತ್ತಿರಬಹುದಾದ್ದರಿಂದ ನೆರೆ ಲೆಕ್ಕಕ್ಕೆ ಅರ್ಧ ಮಾತ್ರ, 24,000. ಉಳಿದ 32,000 ಲೀಟರಿಗೆ ತೋಟದ ಒಂದು ಭಾಗವನ್ನು 30 ಸೆಂ.ಮೀ. ತಗ್ಗಿಸಿ, ಅಂಚಿನ ಇಳಿಜಾರೂ ಸೇರಿ 120 ಚದರ ಮೀಟರ್ ಹುಲ್ಲುಹಾಸು ಸಾಕು. ಕಾಂಕ್ರೀಟ್ ತೊಟ್ಟಿಗಿಂತ ಎಷ್ಟೋ ಅಗ್ಗ. ವರ್ಷದಲ್ಲಿ ಬೆರಳೆಣಿಕೆಯ ದಿನ ಅಲ್ಲಿ ನೀರು ನಿಲ್ಲುತ್ತದೆ, ಉಳಿದ ದಿನ ಮಕ್ಕಳು ಚೆಂಡಾಡುತ್ತಾರೆ. ಜಲಮಂಡಳಿಯ 78,000 ಲೀಟರಿಗೂ ಇದು ಧಾರಾಳ ಸಾಕು: ತೊಟ್ಟಿ 45,000, ಬಾವಿ 48,000.

ಈ ಹುಲ್ಲುಹಾಸಿನ ಹೊರದಾರಿಯಲ್ಲಿ ಒಂದು ಚೇಂಬರ್, ಅದರ ತಳದಲ್ಲಿ 160 ಮಿ.ಮೀ. ಪೈಪು, ಪೈಪಿನ ಬಾಯಿಗೆ 90 ಮಿ.ಮೀ. ತೂತಿರುವ ಸ್ಟೀಲ್ ತಟ್ಟೆ. ನೀರು 60 ಸೆಂ.ಮೀ. ಎತ್ತರ ನಿಂತಾಗ ಆ ತೂತು ಸೆಕೆಂಡಿಗೆ ಸುಮಾರು 13 ಲೀಟರ್ ಬಿಡುತ್ತದೆ. ತಟ್ಟೆಯ ಮುಂದೆ ಜಾಲರಿ ಬೇಕು, ಇಲ್ಲದಿದ್ದರೆ ಎಲೆ ಬಂದು ಕೂರುತ್ತದೆ. ಆ ಎತ್ತರ ದಾಟಿದ ನೀರಿಗೆ ಮೇಲೊಂದು ಅಗಲ ಬಾಯಿ ಕೊಡಿ. ‘ತೆಗೆಯಬಾರದು’ ಎಂದು ತಟ್ಟೆಯ ಮೇಲೇ ಕೆತ್ತಿಸುವುದು ಒಳ್ಳೆಯದು: ಹುಲ್ಲಿನ ಮೇಲೆ ನೀರು ನಿಂತಿದ್ದನ್ನು ಕಂಡ ನಿರ್ವಹಣೆಯವರು ಮೊದಲು ಮಾಡುವ ಕೆಲಸ ಆ ತಟ್ಟೆಯನ್ನು ಬಿಚ್ಚಿ ಎಸೆಯುವುದು.

ಮೇಲಿನ ಇಡೀ ಲೆಕ್ಕವನ್ನು ಒಂದೇ ಏಟಿಗೆ ಸುಳ್ಳು ಮಾಡುವ ಸಂಗತಿಯೊಂದಿದೆ: ಬೇಸ್‌ಮೆಂಟು. ಈಗಿನ ಅಪಾರ್ಟ್‌ಮೆಂಟುಗಳಲ್ಲಿ ಎರಡು ಅಂತಸ್ತಿನ ಬೇಸ್‌ಮೆಂಟು ಸೈಟಿನ ಗಡಿಯವರೆಗೂ ಚಾಚಿರುತ್ತದೆ, ಅದರ ನೆತ್ತಿಯ ಮೇಲೆ ಎರಡಡಿ ಮಣ್ಣು ಹಾಕಿ ತೋಟ ಬೆಳೆಸಿರುತ್ತಾರೆ. ನೋಡಲು ಹಸಿರು, ಆದರೆ ಅದು ನೆಲವಲ್ಲ, ಮಣ್ಣು ಹಾಕಿದ ತಾರಸಿ. ಅರ್ಧ ಗಂಟೆ ಮಳೆ ಕುಡಿದು ಹೊಟ್ಟೆ ತುಂಬಿದ ಮೇಲೆ ಉಳಿದದ್ದೆಲ್ಲ ಕೆಳಗಿನ ಸ್ಲ್ಯಾಬಿನ ಡ್ರೈನ್ ಪೈಪಿಗೆ ಇಳಿಯುತ್ತದೆ. ಅದಕ್ಕೆ 0.2 ಗುಣಾಂಕ ಹಾಕುವುದು ತಪ್ಪು, 0.5 ಹಾಕಿ ನೋಡಿ, ಹೊರಹರಿವು ಸುಮಾರು 44 ಲೀಟರಿಗೆ ಏರುತ್ತದೆ. ಇಂಗಿಸುವ ಅಂಕಿಯಂತೂ ಸೊನ್ನೆ. ಹಾಗಾಗಿ ನೆಲಕ್ಕೆ ನೀರು ಮುಟ್ಟುವ ಒಂದು ತುಂಡು ಜಾಗ, ಸೈಟಿನ ತಗ್ಗು ಮೂಲೆಯಲ್ಲಿ, ಬೇಸ್‌ಮೆಂಟಿನ ಗೆರೆಯಿಂದ ಹೊರಗುಳಿಯಬೇಕು. ಇದನ್ನು ವಾಸ್ತುಶಿಲ್ಪಿ ಮೊದಲ ನಕ್ಷೆಯಲ್ಲೇ ನಿರ್ಧರಿಸಬೇಕು; ಪ್ಲಂಬಿಂಗ್ ಸಲಹೆಗಾರರ ಕೈಗೆ ಕೆಲಸ ಬರುವ ಹೊತ್ತಿಗೆ ಆ ಮೂಲೆಯಲ್ಲಿ ಕಾರು ನಿಲ್ಲಿಸಲು ಗುರುತು ಹಾಕಿಯಾಗಿರುತ್ತದೆ.

ಬೇಸ್‌ಮೆಂಟಿನ ತಳದಲ್ಲೇ ತಡೆತೊಟ್ಟಿ ಕಟ್ಟುವುದು ಜಾಗ ಉಳಿಸುವ ಉಪಾಯ, ಅಪಾಯದ್ದೂ ಹೌದು. ಅಲ್ಲಿಂದ ರಸ್ತೆಯ ಮೋರಿಗೆ ನೀರು ತಾನಾಗಿ ಹರಿಯದು, ಪಂಪು ಎತ್ತಬೇಕು. ಜೋರು ಮಳೆಯ ಸಂಜೆಯೇ ಕರೆಂಟ್ ಹೋಗುವುದು. ಆ ಪಂಪುಗಳು ಜನರೇಟರಿನ ತುರ್ತು ಲೈನಿನಲ್ಲಿರಬೇಕು, ಒಂದು ಕೆಟ್ಟರೆ ಇನ್ನೊಂದು ಇರಬೇಕು, ತೊಟ್ಟಿಯ ಬಾಯಿ ಕರೆಂಟ್ ಪ್ಯಾನೆಲ್ ಇರುವ ಕೋಣೆಯ ಪಕ್ಕದಲ್ಲಿ ಇರಬಾರದು.

ನೆಲ, ಪೈಪುಗಳ ಎತ್ತರದ ಲೆವೆಲ್‌ಗಳನ್ನು ನೀರು ಕೊನೆಗೆ ಸೇರುವ ಮೋರಿಯಿಂದ ಶುರುಮಾಡಿ ಸೈಟಿನ ಕಡೆಗೆ ಹಾಕುತ್ತ ಬರಬೇಕು. ಸರ್ವೇ ಮಾಡುವವರಿಗೆ ಮೊದಲು ರಸ್ತೆ ಮೋರಿಯ ತಳ ಅಳೆಯಲು ಹೇಳಿ. ಬೆಂಗಳೂರು ನಿಂತಿರುವುದು ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ. ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಿಗೆ ನೀರು ಇಳಿಯುತ್ತದೆ. ನಿಮ್ಮ ಸೈಟಿನ ಮೋರಿ ಯಾವ ರಾಜಕಾಲುವೆ ಸೇರುತ್ತದೆ, ಆ ಕಾಲುವೆ ತುಂಬಿದಾಗ ನೀರಿನ ಮಟ್ಟ ಎಲ್ಲಿಗೆ ಬರುತ್ತದೆ ಎಂಬುದನ್ನು ಅಕ್ಕಪಕ್ಕದ ಹಳೆಯ ಗೋಡೆಗಳ ಕೆಸರು ಗೆರೆಯೇ ಹೇಳುತ್ತದೆ. ಆ ಮಟ್ಟಕ್ಕಿಂತ ನಿಮ್ಮ ಹೊರಪೈಪು ಕೆಳಗಿದ್ದರೆ ಮೋರಿಯ ನೀರು ತಿರುಗಿ ಒಳಗೆ ಬರುತ್ತದೆ. ಒಮ್ಮುಖ ಕವಾಟ ಹಾಕದೆ ಗತಿಯಿಲ್ಲ, ಮತ್ತು ಅದು ಮುಚ್ಚಿಕೊಂಡಿರುವಷ್ಟು ಹೊತ್ತು ನಿಮ್ಮ ನೀರೂ ಒಳಗೇ ಉಳಿಯುತ್ತದೆ ಎಂದು ತಡೆತೊಟ್ಟಿಯನ್ನು ಹಿಗ್ಗಿಸಬೇಕು. ಬೇಸ್‌ಮೆಂಟಿಗಿಳಿಯುವ ದಾರಿಯ ತಲೆಯಲ್ಲಿ ರಸ್ತೆಗಿಂತ ಒಂದಡಿ ಎತ್ತರದ ಉಬ್ಬು ಕೊಡಿ. ಒಂದಡಿ ಜಾಸ್ತಿ ಎನ್ನಿಸಿದರೆ, ಪ್ರತಿ ಸಲ ಡಾಂಬರು ಹಾಕಿದಾಗಲೂ ರಸ್ತೆ ಕೆಲವು ಇಂಚು ಮೇಲೇರುತ್ತದೆ ಎಂಬುದನ್ನು ನೆನೆಯಿರಿ.

ಇನ್ನು ಬಿಡಿಭಾಗಗಳು. ಗಂಟೆಗೆ 100 ಮಿ.ಮೀ. ಮಳೆಗೆ 4 ಇಂಚಿನ ಇಳಿಪೈಪು ಒಂದು ಸುಮಾರು 40 ಚದರ ಮೀಟರ್ ತಾರಸಿಯನ್ನು ನಿಭಾಯಿಸುತ್ತದೆ. 1,000 ಚದರ ಮೀಟರಿಗೆ 25 ಪೈಪು ಬೇಕು, ಅಥವಾ ದೊಡ್ಡ ವ್ಯಾಸದವು ಕಡಿಮೆ ಸಂಖ್ಯೆಯಲ್ಲಿ. ತಾರಸಿಗೆ ನೂರಕ್ಕೆ ಒಂದರಷ್ಟಾದರೂ ಇಳಿಜಾರು. ಪೈಪಿನ ಬಾಯಿಗೆ ಚಪ್ಪಟೆ ಜಾಲರಿ ಬೇಡ, ಒಂದೇ ಎಲೆ ಅದನ್ನು ಮುಚ್ಚುತ್ತದೆ, ಗುಮ್ಮಟದಂಥದ್ದು ಹಾಕಿ.

ಮೊದಲ ಮಳೆಯ ಕೊಳೆ ನೀರನ್ನು ಬೇರ್ಪಡಿಸಲು ಮೊದಲ 1ರಿಂದ 2 ಮಿ.ಮೀ. ಬಿಟ್ಟುಬಿಡಬೇಕು. 100 ಚದರ ಮೀಟರಿಗೆ 100ರಿಂದ 200 ಲೀಟರ್ ಹಿಡಿಯುವ ನಿಲುವು ಪೈಪು ಅಥವಾ ಡ್ರಮ್ಮು, ತಳದಲ್ಲಿ ಸಣ್ಣದಾಗಿ ತೊಟ್ಟಿಕ್ಕುವ ಬಾಯಿ. ಆ ಬಾಯಿ ತೆರೆದಿರದಿದ್ದರೆ ಎರಡನೆಯ ಮಳೆಯಿಂದ ಆಚೆಗೆ ಅದು ನಿರುಪಯೋಗಿ, ಸೊಳ್ಳೆಗೆ ಮಾತ್ರ ಉಪಯೋಗಿ. ಮುಂದೆ ಶೋಧಕ. 100 ಚದರ ಮೀಟರ್ ತಾರಸಿಯಿಂದ ಜೋರು ಮಳೆಯಲ್ಲಿ ಸೆಕೆಂಡಿಗೆ 2.5 ಲೀಟರ್, ಗಂಟೆಗೆ 9,000 ಲೀಟರ್ ಬರುತ್ತದೆ. ಮರಳು–ಜಲ್ಲಿ ಶೋಧಕ ಒಂದು ಚದರ ಮೀಟರಿಗೆ ಗಂಟೆಗೆ 5ರಿಂದ 10 ಸಾವಿರ ಲೀಟರ್ ಬಿಟ್ಟರೆ ಹೆಚ್ಚು. ಅದಕ್ಕೇ ಗೋಡೆಗೆ ನೇತುಹಾಕಿದ ಸಣ್ಣ ಡಬ್ಬಿಗಳು ಜೋರು ಮಳೆಯಲ್ಲಿ ಉಕ್ಕುತ್ತವೆ. ಉಕ್ಕಿದ್ದನ್ನು ಅಂಗಳಕ್ಕೆ ಬಿಡದೆ ಇಂಗುಬಾವಿಗೆ ಒಯ್ಯುವ ಪಕ್ಕದ ಪೈಪು ಇದ್ದರೆ ಶೋಧಕ ಚಿಕ್ಕದಿದ್ದರೂ ನಡೆಯುತ್ತದೆ. ಜಯನಗರದಲ್ಲಿ ಜಲಮಂಡಳಿ ನಡೆಸುವ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಸುಗ್ಗಿ ಕೇಂದ್ರದಲ್ಲಿ ಈ ಬಗೆಬಗೆಯ ಶೋಧಕಗಳನ್ನು ಕಣ್ಣಾರೆ ನೋಡಬಹುದು. ಕೊಳ್ಳುವ ಮೊದಲು ಒಂದು ಸುತ್ತು ಹಾಕಿ ಬರುವುದು ಲೇಸು.

ನೆಲದಡಿಯ ತೊಟ್ಟಿ ಖಾಲಿಯಿದ್ದಾಗ ಸುತ್ತಲಿನ ನೆಲದ ನೀರು ಮೇಲೆ ಬಂದರೆ ತೊಟ್ಟಿಯನ್ನೇ ಎತ್ತಬಲ್ಲದು. 45,000 ಲೀಟರ್ ತೊಟ್ಟಿಗೆ ಆ ಒತ್ತಡ 45 ಟನ್ ದಾಟುತ್ತದೆ. ಇಂಗುಬಾವಿಯನ್ನು ತೊಟ್ಟಿಗೆ ಅಂಟಿಸಿ ತೋಡುವವರು ಇದನ್ನು ಮರೆಯುತ್ತಾರೆ.

ಇಂಗುಬಾವಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಹಾಳಾಗುವುದು ಹೆಚ್ಚಾಗಿ ಅದೇ. ಬೆಂಗಳೂರಿನಲ್ಲಿ ಕೆಂಪುಮಣ್ಣು, ಅದರಡಿ ಶಿಥಿಲವಾದ ಕಲ್ಲು, ಅದರಡಿ ಗಟ್ಟಿಬಂಡೆ. ನೀರು ಇಳಿಯುವುದು ಮೊದಲೆರಡರಲ್ಲಿ. ಕೈಯಿಂದ ತೋಡಿ, ಒಂದಡಿ ಎತ್ತರದ ಕಾಂಕ್ರೀಟ್ ಉಂಗುರಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ. ಉಂಗುರಗಳ ನಡುವೆ ಸಿಮೆಂಟ್ ಬಳಿಯಬಾರದು. ಹೊರಸುತ್ತಿಗೆ ಜಲ್ಲಿ ತುಂಬಬೇಕು. ತಳ ತೆರೆದೇ ಇರಬೇಕು. ಮೇಲೆ ಗಟ್ಟಿ ಸ್ಲ್ಯಾಬು, ಬೀಗವಿರುವ ಮುಚ್ಚಳ. ಬಾವಿಯೊಳಗೇ ಕಲ್ಲು, ಜಲ್ಲಿ, ಇದ್ದಿಲು ತುಂಬುವ ಪದ್ಧತಿ ಇನ್ನೂ ಉಳಿದಿದೆ. ತುಂಬಿದರೆ ನೀರಿಗೆ ಉಳಿಯುವುದು ನೂರಕ್ಕೆ 40 ಭಾಗ ಜಾಗ, ಮತ್ತು ಹೂಳು ಕೂತ ಮೇಲೆ ಯಾರೂ ಅದನ್ನು ತೊಳೆಯಲಾರರು. ಖಾಲಿ ಬಾವಿಯೇ ಒಳ್ಳೆಯದು.

ತೋಡುವ ಮೊದಲು ಪರೀಕ್ಷೆ. ಒಂದಡಿ ಚೌಕದ, ಮೂರಡಿ ಆಳದ ಗುಂಡಿ ತೆಗೆದು ರಾತ್ರಿ ನೀರು ತುಂಬಿ ನೆನೆಸಿ. ಮರುದಿನ ಮತ್ತೆ ಒಂದಡಿ ನೀರು ಹಾಕಿ ಅರ್ಧ ಗಂಟೆಗೊಮ್ಮೆ ಅಳೆಯಿರಿ. ಗಂಟೆಗೆ 13 ಮಿ.ಮೀ.ಗಿಂತ ಕಡಿಮೆ ಇಳಿದರೆ ಮೇಲ್ಮಣ್ಣನ್ನು ನಂಬಬೇಡಿ. ಆ ವೇಗದಲ್ಲಿ 30 ಸೆಂ.ಮೀ. ತಗ್ಗಿಸಿದ ಹುಲ್ಲುಹಾಸು ಖಾಲಿಯಾಗಲು ಒಂದು ಇಡೀ ದಿನ ಬೇಕು. ಇದು ಮೇಲ್ಮಣ್ಣಿನ ಮಾತು. ಆಳದ ಬಾವಿಗೆ ಮೊದಲನೆಯದನ್ನು ತೋಡಿ ಟ್ಯಾಂಕರಿನಿಂದ ನೀರು ಬಿಟ್ಟು, ಎರಡು ದಿನದೊಳಗೆ ಇಳಿಯುವುದೇ ಎಂದು ನೋಡಿಯೇ ಉಳಿದವಕ್ಕೆ ಕೈ ಹಾಕಬೇಕು. ಅಡಿಪಾಯದಿಂದ 3 ಮೀಟರಾದರೂ ದೂರ. ಬೇಸ್‌ಮೆಂಟ್ ಗೋಡೆಯಿಂದ ಇನ್ನೂ ಹೆಚ್ಚು, ಇಲ್ಲದಿದ್ದರೆ ಇಂಗಿಸಿದ ನೀರು ಗೋಡೆಯಲ್ಲಿ ಜಿನುಗಿ ಬಂದು, ಅದನ್ನೇ ಪಂಪು ಹಾಕಿ ಮೋರಿಗೆ ಎಸೆಯುವ ವಿಚಿತ್ರ ಚಕ್ರ ಶುರುವಾಗುತ್ತದೆ. ಕಾರು ನಿಲ್ಲುವ ಜಾಗದ ನೀರಿನಲ್ಲಿ ಎಣ್ಣೆ ಇರುವುದರಿಂದ ಅದು ಬಾವಿಗೆ ಬೇಡ. ಹೂಳು ಚೇಂಬರ್, ಎಣ್ಣೆ ತಡೆ ದಾಟಿ ಹುಲ್ಲುಹಾಸಿಗೆ ಹೋಗಲಿ. ಬೋರ್‌ವೆಲ್ ಕೊಳವೆಯೊಳಗೆ ನೇರವಾಗಿ ನೀರು ಬಿಡುವುದಂತೂ ಬೇಡವೇ ಬೇಡ. ಕೊಳೆ ಹೋದರೆ ಹಿಂದಕ್ಕೆ ತೆಗೆಯಲಾಗದು. ತಾರಸಿ ಪೈಪನ್ನು ಒಳಚರಂಡಿಗೆ ಜೋಡಿಸುವ ಕೆಟ್ಟ ಚಾಳಿಯೂ ಇದೆ. ಒಳಚರಂಡಿಯ ಗಾತ್ರ ಶೌಚದ ನೀರಿಗೆ ತಕ್ಕಂತೆ ಹಾಕಿದ್ದು, ಮಳೆ ಬಂದರೆ ತಗ್ಗಿನ ಮನೆಯವರ ಬಚ್ಚಲಲ್ಲಿ ಮೇಲೆ ಬರುತ್ತದೆ.

ಕಟ್ಟುವಾಗಿನ ಎಚ್ಚರ ನಕ್ಷೆಯಲ್ಲಿ ಕಾಣುವುದಿಲ್ಲ. ಹಿಟಾಚಿ, ಲಾರಿ ಓಡಾಡಿದ ಮಣ್ಣು ಕಲ್ಲಿನಂತಾಗಿ ನೀರು ಕುಡಿಯುವುದನ್ನೇ ಮರೆಯುತ್ತದೆ. ಇಂಗಿಸಬೇಕಾದ ಮೂಲೆಗೆ ಮೊದಲ ದಿನವೇ ಬೇಲಿ ಹಾಕಿ. ಅಲ್ಲಿ ಇಟ್ಟಿಗೆ ಚೂರು, ಸಿಮೆಂಟ್ ಕಸ ತುಂಬಿಸಿ ಮೇಲೆ ಎರಡಿಂಚು ಕೆಂಪುಮಣ್ಣು ಹರಡುವ ಮೇಸ್ತ್ರಿಗಳಿಗೆ ಕೊರತೆಯಿಲ್ಲ. ಪೇಂಟು, ತೋಟ, ಹಾಸುಗಲ್ಲು ಎಲ್ಲ ಮುಗಿದು ಜಾಗ ತೊಳೆದಾದ ಮೇಲಷ್ಟೇ ಇಂಗುಬಾವಿಯ ಪೈಪು ಜೋಡಿಸಬೇಕು. ಅದಕ್ಕೂ ಮುಂಚೆ ಜೋಡಿಸಿದರೆ ಒಂದೇ ಮಳೆಯಲ್ಲಿ ಸಿಮೆಂಟ್ ಗಂಜಿ ಬಾವಿಯ ತಳಕ್ಕೆ ಹಚ್ಚಿಕೊಳ್ಳುತ್ತದೆ.

ಜನ ಬಂದು ಸೇರಿದ ಮೇಲೆ ಕೆಲಸ ಸಣ್ಣದು, ಆದರೆ ತಪ್ಪಬಾರದು. ಮಾರ್ಚ್ ಕೊನೆಯಲ್ಲಿ, ಮೊದಲ ಮಳೆಗೆ ಮುನ್ನ ತಾರಸಿ ಗುಡಿಸಿ, ಶೋಧಕ ತೊಳೆದು, ಹೂಳು ಚೇಂಬರ್ ಖಾಲಿ ಮಾಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಮತ್ತೆ. ಬಳಕೆಯ ತೊಟ್ಟಿಯ ಪಂಪಿಗೆ ಒಂದು ನೀರಿನ ಮೀಟರ್ ಇರಲಿ, ಮಳೆಗಾಲದ ವಾರದಲ್ಲಿ ಅದು ತಿರುಗದಿದ್ದರೆ ಎಲ್ಲೋ ಕಟ್ಟಿಕೊಂಡಿದೆ ಅಥವಾ ಯಾರೋ ಕವಾಟ ಮುಚ್ಚಿದ್ದಾರೆ ಎಂದರ್ಥ. ಕುಡಿಯಲು ಬಳಸುವುದಾದರೆ 1,000 ಲೀಟರಿಗೆ 4 ಗ್ರಾಂ ಬ್ಲೀಚಿಂಗ್ ಪೌಡರ್ ಹಾಕಿ, ಮನೆಯಲ್ಲಿ ಮತ್ತೆ ಕುದಿಸುವುದು ಕ್ಷೇಮ. ಇಂಗುಬಾವಿಯ ಒಳಗೋಡೆಗೆ ಅಡಿಗೊಂದರಂತೆ ಬಣ್ಣದ ಗೆರೆ ಎಳೆದಿಡಿ. ದೊಡ್ಡ ಮಳೆಯ ಮರುದಿನ ಟಾರ್ಚು ಬಿಟ್ಟು ನೀರು ಯಾವ ಗೆರೆಗೆ ಇಳಿದಿದೆ ಎಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಮೊದಲ ವರ್ಷ ಎರಡು ದಿನಕ್ಕೆ ಖಾಲಿಯಾಗುತ್ತಿದ್ದ ಬಾವಿ ನಾಲ್ಕು ದಿನ ತೆಗೆದುಕೊಳ್ಳಲು ಶುರುಮಾಡಿದರೆ ಹೂಳೆತ್ತಿಸುವ ಕಾಲ ಬಂದಿದೆ. ಎರಡು–ಮೂರು ವರ್ಷಕ್ಕೊಮ್ಮೆ ಆ ಖರ್ಚು ಬರುತ್ತದೆಂದು ಸಂಘದ ಬಜೆಟ್ಟಿನಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ. ಹೂಳೆತ್ತಲು ಇಳಿಯುವವರಿಗೆ ಹಗ್ಗ, ಮೇಲೆ ಕಾಯುವ ಇನ್ನೊಬ್ಬರು ಇರಲೇಬೇಕು. ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟು, ಒಳಗಿನ ಗಾಳಿ ಉಸಿರಾಡಲು ಯೋಗ್ಯವಾಗಿದೆ ಎಂದು ಅಳೆದು ನೋಡದೆ ಯಾರನ್ನೂ ಇಳಿಸಬಾರದು.